ರಸ್ತೆ ಬದಿಯ ಕಳೆ ಯಾರು ಕೀಳಬೇಕು, ಯಾವಾಗ ಕೀಳಬೇಕು?

ಶಿವಮೊಗ್ಗದಲ್ಲಿ ಮೇ ತಿಂಗಳಲ್ಲಿ ಎರಡು ಒಳ್ಳೆ ಮಳೆ ಬಿದ್ದರೆ ಸಾಕು, ಹದಿನೈದು ದಿನದಲ್ಲಿ ರಸ್ತೆಯ ಅಂಚೆಲ್ಲ ಹಸಿರು. ಜುಲೈ ಹೊತ್ತಿಗೆ ಗೋಪಾಳದಲ್ಲೋ ವಿನೋಬನಗರದಲ್ಲೋ ಖಾಲಿ ಸೈಟಿನ ಮುಂದೆ ನಡೆದು ನೋಡಿ, ಸೊಂಟದೆತ್ತರಕ್ಕೆ ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ನಿಂತಿರುತ್ತದೆ, ಅದರ ಅಡಿಯಲ್ಲಿ ಚರಂಡಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. ಪಾಲಿಕೆಯವರು ಏನು ಮಾಡ್ತಿದ್ದಾರೆ?

ಕೇಳಬೇಕಾದ ಪ್ರಶ್ನೆಯೇ. ಆದರೆ ಬರೀ ಇಷ್ಟು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಜಾಗ ಪಾಲಿಕೆಯದ್ದು, ಯಾವುದು ಅಲ್ಲ, ಅಲ್ಲದ ಜಾಗದಲ್ಲಿ ಪಾಲಿಕೆಗೆ ಏನು ಅಧಿಕಾರ ಇದೆ, ಮತ್ತೆ ಯಾವ ತಿಂಗಳಲ್ಲಿ ಕಿತ್ತರೆ ಕಳೆ ಹೋಗುತ್ತದೆ, ಯಾವ ತಿಂಗಳಲ್ಲಿ ಕಿತ್ತರೆ ದುಡ್ಡು ಮಾತ್ರ ಹೋಗುತ್ತದೆ, ಇದೆಲ್ಲ ಗೊತ್ತಿದ್ದರೆ ಕೇಳುವ ಪ್ರಶ್ನೆಗೂ ತೂಕ ಬರುತ್ತದೆ.

ಮೊದಲು ಕಾನೂನು ನೋಡೋಣ. ಶಿವಮೊಗ್ಗದ್ದು ಮಹಾನಗರ ಪಾಲಿಕೆ, 35 ವಾರ್ಡು. ಇದು ನಡೆಯುವುದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಪ್ರಕಾರ. ಅದರಲ್ಲಿ 58ನೇ ಸೆಕ್ಷನ್ ಅಂತ ಒಂದಿದೆ, ಪಾಲಿಕೆ ಕಡ್ಡಾಯವಾಗಿ ಮಾಡಲೇಬೇಕಾದ ಕೆಲಸಗಳ ಪಟ್ಟಿ ಅದು. ಅದರ ಪಕ್ಕದಲ್ಲೇ 59ನೇ ಸೆಕ್ಷನ್ ಇದೆ, ಅದು ಪಾಲಿಕೆ ತನ್ನ ವಿವೇಚನೆಯ ಮೇಲೆ ಮಾಡಬಹುದಾದ ಕೆಲಸಗಳದ್ದು. ಬೀದಿ ಗುಡಿಸುವುದು, ಕಸ ಎತ್ತುವುದು, ಚರಂಡಿ ಕಟ್ಟಿ ಚೊಕ್ಕ ಇಡುವುದು, ಇವೆಲ್ಲ ಕಡ್ಡಾಯದ ಪಟ್ಟಿಯಲ್ಲಿವೆ. ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ವಿಷಯ ಏನು ಅಂದರೆ, ಹಾನಿ ಮಾಡುವ ಗಿಡಗಂಟಿ ತೆಗೆಯುವುದೂ ಅದೇ ಕಡ್ಡಾಯದ ಪಟ್ಟಿಯಲ್ಲಿದೆ. ಅಂದರೆ ಕಳೆ ತೆಗೆಸುವುದು ಹಬ್ಬಕ್ಕೆ ಮಾಡುವ ಅಲಂಕಾರ ಅಲ್ಲ, ಯಾರೋ ದೊಡ್ಡವರು ಬರುತ್ತಾರೆ ಅಂತ ಮಾಡುವ ಕೆಲಸವೂ ಅಲ್ಲ. ನೀರು ಬಿಡುವುದು ಎಷ್ಟು ಕಡ್ಡಾಯವೋ ಇದೂ ಅಷ್ಟೇ ಕಡ್ಡಾಯ.

ಭದ್ರಾವತಿ, ಸಾಗರದಂಥ ನಗರಸಭೆಗಳಿಗೆ, ಶಿಕಾರಿಪುರದ ಪುರಸಭೆಗೆ, ತೀರ್ಥಹಳ್ಳಿಯ ಪಟ್ಟಣ ಪಂಚಾಯಿತಿಗೆ ಬೇರೆ ಕಾಯ್ದೆ, 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ಅದರ 87ನೇ ಸೆಕ್ಷನ್ ಓದಿದರೆ ಒಂದು ಕಡೆ ಕಣ್ಣು ನಿಲ್ಲುತ್ತದೆ. ಬೀದಿ, ಚರಂಡಿ ಅಷ್ಟೇ ಅಲ್ಲ, ಖಾಸಗಿ ಆಸ್ತಿಯಲ್ಲದ, ಸಾರ್ವಜನಿಕರು ಓಡಾಡುವ ಎಲ್ಲ ಜಾಗವನ್ನೂ ಚೊಕ್ಕ ಇಡಬೇಕು, ಆ ಜಾಗ ಪುರಸಭೆಯ ಹೆಸರಿನಲ್ಲಿ ಇರಲಿ ಬಿಡಲಿ, ಅಂತ ಅದು ಹೇಳುತ್ತದೆ. ಹಾನಿಕರ ಸಸ್ಯ ತೆಗೆಯುವ ಮಾತೂ ಅಲ್ಲೇ ಅದರ ಜೊತೆಗೇ ಬರುತ್ತದೆ. ಹಾಗಾಗಿ "ಈ ಜಾಗ ನಮ್ಮದಲ್ಲ, ಪಿಡಬ್ಲ್ಯೂಡಿದು" ಅನ್ನುವ ಉತ್ತರ ನಗರಸಭೆಯ ಬಾಯಿಂದ ಬಂದರೆ ಅದನ್ನು ಅಲ್ಲಿಗೇ ಒಪ್ಪಿಕೊಂಡು ವಾಪಸ್ ಬರಬೇಕಾಗಿಲ್ಲ.

ಇದರ ಮೇಲೆ ಸಂವಿಧಾನವೂ ಇದೆ. 1992ರ 74ನೇ ತಿದ್ದುಪಡಿಯಲ್ಲಿ 12ನೇ ಪರಿಶಿಷ್ಟ ಅಂತ ಸೇರಿಸಿದರು, ನಗರಾಡಳಿತಕ್ಕೆ ಕೊಡಬೇಕಾದ 18 ವಿಷಯಗಳು ಅದರಲ್ಲಿವೆ. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿ ಅದರಲ್ಲಿ ಒಂದು. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಕೂತಿರುವ ಕಾಲದಲ್ಲೂ ಈ ಹೊಣೆ ಹಾಗೇ ಇರುತ್ತದೆ. ಕಾರ್ಪೊರೇಟರ್ ಇಲ್ಲ ಅಂದ ಮಾತ್ರಕ್ಕೆ ಕೆಲಸ ನಿಲ್ಲಬೇಕು ಅಂತ ಎಲ್ಲೂ ಬರೆದಿಲ್ಲ.

ಈಗ ಜಾಗದ ವಿಷಯ. ತಲೆನೋವು ಶುರುವಾಗುವುದೇ ಇಲ್ಲಿ.

ಒಂದು ರಸ್ತೆಯಲ್ಲಿ ನೂರು ಮೀಟರ್ ನಡೆದರೆ ನಾಲ್ಕು ಜನ ಯಜಮಾನರು ಸಿಗುತ್ತಾರೆ. ಬಡಾವಣೆಯೊಳಗಿನ ರಸ್ತೆ, ಅದರ ಚರಂಡಿ, ಫುಟ್‌ಪಾತು, ಪಾರ್ಕು ಪಾಲಿಕೆಯದ್ದು. ಊರೊಳಗೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ಅಂಚು, ಅಂದರೆ ಹೊನ್ನಾವರದ ಕಡೆಯ 69, ತೀರ್ಥಹಳ್ಳಿ ಮೇಲೆ ಮಂಗಳೂರಿಗೆ ಹೋಗುವ 169, ಇವುಗಳ ನಿರ್ವಹಣೆ ಹೆದ್ದಾರಿಯವರ ತಲೆ ಮೇಲೆ. ರೈಲ್ವೆ ಹಳಿಯ ಪಕ್ಕದ ಜಾಗ ರೈಲ್ವೆಯದ್ದು. ಊರೊಳಗೆ ಹರಿಯುವ ತುಂಗಾ ನಾಲೆಯ ಏರಿ ನೀರಾವರಿಯವರದ್ದು. ಹೊಸ ಲೇಔಟ್ ಆದರೆ ಇನ್ನೊಂದು ಗೊಂದಲ. ನಗರಾಭಿವೃದ್ಧಿ ಪ್ರಾಧಿಕಾರವೋ ಗೃಹ ಮಂಡಳಿಯೋ ಖಾಸಗಿಯವರೋ ಮಾಡಿದ ಲೇಔಟು ಪಾಲಿಕೆಗೆ ಹಸ್ತಾಂತರ ಆಗುವವರೆಗೆ ಅದರ ರಸ್ತೆ, ಚರಂಡಿ ಅವರದ್ದೇ ಜವಾಬ್ದಾರಿ. ಎಷ್ಟೋ ಬಡಾವಣೆಗಳಲ್ಲಿ ಮನೆ ಕಟ್ಟಿ ಸಂಸಾರ ಶುರುವಾಗಿ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ, ಹಸ್ತಾಂತರದ ಕಾಗದ ಮಾತ್ರ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿರುತ್ತದೆ. ನಿಮ್ಮದು ಅಂಥ ಬಡಾವಣೆ ಆಗಿದ್ದರೆ ಕಳೆಯ ಬಗ್ಗೆ ದೂರು ಕೊಡುವ ಮೊದಲು ಹಸ್ತಾಂತರ ಆಗಿದೆಯಾ ಅಂತ ಕೇಳಿ. ಆಗಿಲ್ಲ ಅಂದರೆ ಅದನ್ನು ಮಾಡಿಸುವುದೇ ಮೊದಲ ಕೆಲಸ.

ನಮ್ಮ ಹಳೇ ಬಡಾವಣೆಗಳಲ್ಲಿ ಇನ್ನೊಂದು ವಿಶೇಷ ಇದೆ, ಕನ್ಸರ್ವೆನ್ಸಿ. ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಬಿಟ್ಟ ಸಣ್ಣ ಓಣಿ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಚೊಕ್ಕ ಮಾಡಲು ಬರುವವರು ಓಡಾಡಲಿ ಅಂತ ಬಿಟ್ಟ ದಾರಿ ಅದು. ಈಗ ಆ ಕೆಲಸ ಇಲ್ಲ, ದಾರಿ ಉಳಿದಿದೆ. ಹಿತ್ತಿಲ ಬಾಗಿಲು ಹಾಕಿಕೊಂಡರೆ ಯಾರ ಕಣ್ಣಿಗೂ ಬೀಳದ ಜಾಗ ಆದ್ದರಿಂದ ಮುರಿದ ಬಕೆಟ್ಟು, ಹಳೇ ಹೆಂಚು, ಎಳನೀರು ಬುರುಡೆ ಎಲ್ಲ ಅಲ್ಲಿಗೇ ಹೋಗುತ್ತವೆ, ಅದರ ಮೇಲೆ ಬಳ್ಳಿ ಹಬ್ಬುತ್ತದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕೆಲವು ಕನ್ಸರ್ವೆನ್ಸಿಗಳಿಗೆ ಕಲ್ಲು ಹಾಸಿ ಓಡಾಡುವ ದಾರಿ ಮಾಡಿದರು. ಜನ ಓಡಾಡುವ ಕಡೆ ಕಳೆ ಕಡಿಮೆ, ಕಸವೂ ಕಡಿಮೆ. ಉಳಿದವು ಸಾರ್ವಜನಿಕ ಜಾಗವೇ, ಹಾಗಾಗಿ ಅವುಗಳ ಹೊಣೆಯೂ ಪಾಲಿಕೆಯದ್ದೇ. ಆದರೆ ಹಿತ್ತಿಲ ಗೋಡೆಯಾಚೆ ಕಸ ಎಸೆಯುವ ಕೈ ನಮ್ಮದು ಅನ್ನುವುದನ್ನು ಮರೆತು ಮಾತಾಡಬಾರದು.

ಇನ್ನು ಖಾಲಿ ಸೈಟು. ದೂರು ಜಾಸ್ತಿ ಬರುವುದು ಇದರ ಮೇಲೆಯೇ. ಸೈಟಿನ ಮಾಲೀಕರು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ, ಸೈಟು ಇಲ್ಲಿ ಬೆಳೆಯುತ್ತಿರುತ್ತದೆ, ಬೆಲೆಯೂ ಕಳೆಯೂ. ಖಾಸಗಿ ಜಾಗದೊಳಗಿನ ಕಳೆ ತೆಗೆಸುವುದು ಮಾಲೀಕರ ಕೆಲಸ, ಪಾಲಿಕೆಯದ್ದಲ್ಲ. ಆದರೆ ಪಾಲಿಕೆ ಕೈಕಟ್ಟಿ ಕೂರಬೇಕು ಅಂತಲೂ ಇಲ್ಲ. ಖಾಸಗಿ ಜಾಗ ಅಕ್ಕಪಕ್ಕದವರ ಆರೋಗ್ಯಕ್ಕೆ ತೊಂದರೆ ಕೊಡುತ್ತಿದ್ದರೆ ಮಾಲೀಕರಿಗೆ ನೋಟಿಸ್ ಕೊಡುವ, ಅವರು ಮಾಡದಿದ್ದರೆ ತಾನೇ ಮಾಡಿಸಿ ಖರ್ಚನ್ನು ಅವರಿಂದ ವಸೂಲಿ ಮಾಡುವ ಅಧಿಕಾರ ಪಾಲಿಕೆಗಿದೆ. ಮಾಲೀಕರು ಯಾರು ಅಂತ ಪಾಲಿಕೆಗೆ ಹುಡುಕಬೇಕಾಗಿಲ್ಲ, ಖಾಲಿ ಸೈಟಿಗೂ ಆಸ್ತಿ ತೆರಿಗೆ ಇದೆ, ಖಾತೆಯಲ್ಲಿ ಹೆಸರಿದೆ, ವಿಳಾಸ ಇದೆ. ನನ್ನ ಪ್ರಕಾರ ಇಡೀ ಊರಿನ ಕಳೆ ಸಮಸ್ಯೆಯಲ್ಲಿ ಅತ್ಯಂತ ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಕೆಲಸ ಇದೇ. ಏಪ್ರಿಲ್‌ನಲ್ಲಿ ಜನ ತೆರಿಗೆ ಕಟ್ಟಲು ಬರುತ್ತಾರಲ್ಲ, ಆಗಲೇ ಖಾಲಿ ಸೈಟಿನವರ ಕೈಗೆ ಒಂದು ನೋಟಿಸ್ ಕೊಟ್ಟು, ಜೂನ್ ಮೊದಲ ವಾರದೊಳಗೆ ಚೊಕ್ಕ ಮಾಡಿಸಿ, ಇಲ್ಲದಿದ್ದರೆ ನಾವು ಮಾಡಿಸಿ ಲೆಕ್ಕ ಕಳಿಸುತ್ತೇವೆ ಅಂದರೆ ಅರ್ಧ ಊರು ಚೊಕ್ಕ ಆಗುತ್ತದೆ.

ಜೂನ್ ಮೊದಲ ವಾರ ಅಂತ ಯಾಕೆ ಹೇಳಿದೆ ಅಂದರೆ, ಅದಕ್ಕೆ ಕಾರಣ ಆ ಗಿಡದೊಳಗೇ ಇದೆ.

ಪಾರ್ಥೇನಿಯಂ, ನಮ್ಮ ಜನ ಕಾಂಗ್ರೆಸ್ ಗಿಡ ಅನ್ನುತ್ತಾರಲ್ಲ, ಅದು ನಮ್ಮ ದೇಶದ್ದಲ್ಲ. ಮೂಲ ಅಮೆರಿಕ ಖಂಡದ್ದು. ಭಾರತದಲ್ಲಿ 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಆಮೇಲೆ ಇಡೀ ದೇಶ ಆವರಿಸಿತು. ಇಲ್ಲಿ ಅದನ್ನು ತಿನ್ನುವ ಹುಳ ಇರಲಿಲ್ಲ, ದನ ಮುಟ್ಟುವುದಿಲ್ಲ, ಅಪ್ಪಿತಪ್ಪಿ ತಿಂದರೆ ಹಾಲು ಕಹಿಯಾಗುತ್ತದೆ. ಬೀಜ ಮೊಳೆಯಲು ಇಂಥದೇ ಕಾಲ ಅಂತ ಇಲ್ಲ, ಹಸಿ ಇದ್ದರೆ ಸಾಕು. ಮೊದಲ ಮಳೆಗೆ ಮೊಳೆತ ಗಿಡ ಎರಡು ಮೂರು ವಾರ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಕ್ಯಾರೆಟ್ ಸೊಪ್ಪನ್ನು ಬಿಡಿಸಿ ನೆಲದ ಮೇಲೆ ದುಂಡಗೆ ಹರಡಿಟ್ಟ ಹಾಗೆ ಕಾಣುತ್ತದೆ. ಆಗ ಅದಕ್ಕೆ ಕಾಂಡವೇ ಇಲ್ಲ, ಹೂವಿಲ್ಲ, ಬೇರು ಒಂದು ಗೇಣೂ ಇಲ್ಲ, ನೆಲ ಒದ್ದೆ ಇದ್ದರೆ ಎರಡು ಬೆರಳಲ್ಲಿ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಆಮೇಲೆ ಒಂದೇ ಸಲ ಕಾಂಡ ಮೇಲೆದ್ದು, ಕವಲೊಡೆದು, ಮೊಳೆತ ಒಂದೂವರೆ ತಿಂಗಳೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಹೂಗಳು ಬರುತ್ತವೆ. ಒಂದು ಗಿಡ ಹತ್ತರಿಂದ ಇಪ್ಪತ್ತೈದು ಸಾವಿರ ಬೀಜ ಉದುರಿಸುತ್ತದೆ. ಗಾಳಿಗೆ ಹಾರುತ್ತದೆ, ನೀರಲ್ಲಿ ತೇಲುತ್ತದೆ, ಲಾರಿ ಟೈರಿನ ಕೆಸರಲ್ಲಿ ಅಂಟಿಕೊಂಡು ಮುಂದಿನ ಊರಿಗೆ ಹೋಗುತ್ತದೆ. ಉದುರಿದ್ದೆಲ್ಲ ಆ ವರ್ಷವೇ ಮೊಳೆಯಬೇಕು ಅಂತಲೂ ಇಲ್ಲ, ಮಣ್ಣಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ.

ಈಗ ಲೆಕ್ಕ ಹಾಕಿ. ಮೇ ಕೊನೆಯಲ್ಲಿ ಮೊಳೆತ ಗಿಡ ಜುಲೈಗೆ ಹೂ ಬಿಡುತ್ತದೆ. ನಮ್ಮಲ್ಲಿ ಯಾವ ಊರಲ್ಲಾದರೂ ಕಳೆ ಕೀಳುವ ಗಡಿಬಿಡಿ ಶುರುವಾಗುವುದು ಯಾವಾಗ? ಆಗಸ್ಟ್ 15ಕ್ಕೆ, ಗಣೇಶನ ಹಬ್ಬಕ್ಕೆ, ದಸರಾಕ್ಕೆ. ಅಷ್ಟೊತ್ತಿಗೆ ಬೀಜ ಉದುರಿ ಆಗಿರುತ್ತದೆ. ಆಗ ಕತ್ತರಿಸಿ, ಟ್ರ್ಯಾಕ್ಟರಿಗೆ ತುಂಬಿ, ಮುಚ್ಚದೆ ಊರೆಲ್ಲ ಸುತ್ತಿಸಿ ಸಾಗಿಸಿದರೆ ಆ ಟ್ರ್ಯಾಕ್ಟರೇ ಬಿತ್ತನೆ ಮಾಡಿಕೊಂಡು ಹೋಗುತ್ತದೆ. ಮುಂದಿನ ವರ್ಷ ಅದೇ ಜಾಗಕ್ಕೆ ಅಷ್ಟೇ ಆಳು, ಅಷ್ಟೇ ಬಿಲ್ಲು. ಅದೇ ಕೆಲಸವನ್ನು ಜೂನ್‌ನಲ್ಲಿ ಒಂದು ಸುತ್ತು, ಜುಲೈ ಕೊನೆಯಲ್ಲಿ ತಪ್ಪಿ ಉಳಿದದ್ದಕ್ಕೆ ಇನ್ನೊಂದು ಸುತ್ತು, ಹಿಂಗಾರು ಮಳೆ ಬಿದ್ದ ಮೇಲೆ ಅಕ್ಟೋಬರಿನಲ್ಲಿ ಮತ್ತೊಂದು ಸುತ್ತು ಅಂತ ಮಾಡಿದರೆ ಎರಡು ಮೂರು ವರ್ಷದಲ್ಲಿ ಮಣ್ಣಲ್ಲಿರುವ ಬೀಜದ ದಾಸ್ತಾನು ಇಳಿಯುತ್ತಾ ಬರುತ್ತದೆ. ಟೆಂಡರು ಕರೆಯುವ, ಕೆಲಸದ ಆದೇಶ ಕೊಡುವ ತಾರೀಖನ್ನು ಗಿಡ ನೋಡಿ ಇಡಬೇಕು, ಹಬ್ಬ ನೋಡಿ ಅಲ್ಲ. ಈ ಲೇಖನದಲ್ಲಿ ನಾನು ಹೇಳಬೇಕು ಅಂತ ಹೊರಟ ಮುಖ್ಯ ಮಾತು ಇದೇ.

ಜಬಲ್ಪುರದಲ್ಲಿರುವ ಕೇಂದ್ರದ ಕಳೆ ಸಂಶೋಧನಾ ನಿರ್ದೇಶನಾಲಯ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ಮಾಡಿಸುತ್ತದೆ. ಜಾಗೃತಿಗೆ ಸರಿ, ಆದರೆ ನಮ್ಮ ಕಡೆಯ ಮಳೆಗೆ ಆ ವಾರ ತಡ. ಶಾಲಾ ಮಕ್ಕಳ ಕೈಲಿ ಹೂ ಬಿಟ್ಟ ಗಿಡ ಕೀಳಿಸಿ ಫೋಟೋ ತೆಗೆಸುವುದಂತೂ ಬೇಡವೇ ಬೇಡ. ಪಾರ್ಥೇನಿಯಂ ಮುಟ್ಟಿದರೆ ಕೆಲವರಿಗೆ ಚರ್ಮ ಕೆಂಪಾಗಿ, ತುರಿಕೆ ಬಂದು, ವರ್ಷಗಟ್ಟಲೆ ವಾಸಿಯಾಗದೆ ಕಾಡುತ್ತದೆ. ಹೂವಿನ ಪುಡಿ ಮೂಗಿಗೆ ಹೋದರೆ ಸೀನು, ದಮ್ಮು. ಮೊದಮೊದಲು ಏನೂ ಆಗದವರಿಗೂ ಪದೇ ಪದೇ ಮುಟ್ಟಿದ ಮೇಲೆ ಅಲರ್ಜಿ ಶುರುವಾಗುತ್ತದೆ. ಇದನ್ನು ದಿನಾ ಕೀಳುವ ಪೌರಕಾರ್ಮಿಕರಿಗೆ ಗ್ಲೌಸು, ಉದ್ದ ತೋಳಿನ ಅಂಗಿ, ಮಾಸ್ಕು ಕೊಡುವುದೂ ಪಾಲಿಕೆಯ ಹೊಣೆಯೊಳಗೇ ಬರುತ್ತದೆ.

ಕೀಳುವುದು ಅಂದರೆ ಕೀಳುವುದೇ, ಕತ್ತರಿಸುವುದಲ್ಲ. ಈಗ ಎಲ್ಲ ಕಡೆ ವೀಡ್ ಕಟರ್ ಬಂದಿದೆ, ಅಡಿಕೆ ತೋಟ ಇರುವವರಿಗೆ ಅದರ ಪರಿಚಯ ಚೆನ್ನಾಗಿಯೇ ಇದೆ. ಬೇಗ ಆಗುತ್ತದೆ, ನೋಡಲು ಚೆನ್ನಾಗಿ ಕಾಣುತ್ತದೆ. ಹುಲ್ಲಿಗೆ ಅದು ಸರಿ. ಪಾರ್ಥೇನಿಯಂ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ, ಈ ಸಲ ಇನ್ನೂ ಗಿಡ್ಡಕ್ಕೆ, ಇನ್ನೂ ಬೇಗ ಹೂ ಬಿಡುತ್ತದೆ. ಹಾಗಾಗಿ ಎಳೆಯ ಗಿಡ ಕೈಯಲ್ಲಿ, ಬಲಿತದ್ದು ಗುದ್ದಲಿಯಲ್ಲಿ ಬೇರು ಸಮೇತ ತೆಗೆಯಬೇಕು. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟಿದ್ದರೆ ಚೀಲದೊಳಗೆ ಕಟ್ಟಿಯೇ ಸಾಗಿಸಬೇಕು.

ವಿಷ ಹೊಡೆದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಊರೊಳಗೆ ಬೇಡ. ಕಾರಣ ಎರಡು. ಕಳೆನಾಶಕಗಳಲ್ಲಿ ಎಲ್ಲರಿಗೂ ಗೊತ್ತಿರುವ ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಲೈಸೆನ್ಸ್ ಇರುವವರ ಮೂಲಕ ಬಿಟ್ಟು ಬೇರೆ ಯಾರೂ ಬಳಸಬಾರದು ಅಂತ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿತು. ಅಂದಮೇಲೆ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಯಾರೋ ಕೂಲಿ ಆಳು ಫುಟ್‌ಪಾತಿಗೆ ಹೊಡೆದುಕೊಂಡು ಹೋಗುವುದು ತಪ್ಪು. ಎರಡನೆಯದು ನೀರು. ನಮ್ಮ ರಸ್ತೆ ಬದಿಗೆ ಹೊಡೆದದ್ದು ಮುಂದಿನ ಮಳೆಗೆ ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ತುಂಗೆಗೆ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಕೆಳಗಿನ ಎಷ್ಟೋ ಊರುಗಳಿಗೆ ಕುಡಿಯುವ ನೀರಾಗಿ ಹೋಗುತ್ತಾಳೆ. ಮೇಲಿನ ಗಾಜನೂರಿನ ಕಡೆಯಿಂದ ಬರುವ ನೀರು ಚೊಕ್ಕ ಇರಲಿ ಅಂತ ನಾವು ಬಯಸುತ್ತೇವಲ್ಲ, ಕೆಳಗಿನವರೂ ಹಾಗೇ ಬಯಸುತ್ತಾರೆ. ಉಪ್ಪುನೀರು ಹೊಡೆಯುವ ಸಲಹೆಯೂ ಇದೆ, ಐದು ಲೀಟರಿಗೆ ಒಂದು ಕಿಲೋದಷ್ಟು. ಪಾಳು ಜಾಗಕ್ಕೆ ಆದೀತು, ಮನೆ ಬಾವಿ, ಮರದ ಬುಡ ಇರುವ ಕಡೆ ಅದೂ ಒಳ್ಳೆಯದಲ್ಲ.

ಪಾರ್ಥೇನಿಯಂ ಎಲೆ ತಿನ್ನುವ ಒಂದು ದುಂಬಿ ಇದೆ, ಜೈಗೊಗ್ರಾಮಾ ಅಂತ ಹೆಸರು. ಮೆಕ್ಸಿಕೋದಿಂದ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಸುಕು ಬಿಳಿ ಬೆನ್ನಿನ ಮೇಲೆ ಕಂದು ಗೆರೆ ಇರುವ ಸಣ್ಣ ಹುಳ. ಮಳೆಗಾಲದಲ್ಲಿ ಎಲೆಯೆಲ್ಲ ಜಾಲರಿಯಾದ ಪಾರ್ಥೇನಿಯಂ ಕಂಡರೆ ಬಗ್ಗಿ ನೋಡಿ, ಇರುತ್ತದೆ. ಬೇಸಿಗೆ ಬಂದರೆ ಮಣ್ಣೊಳಗೆ ಅಡಗುತ್ತದೆ, ಹಾಗಾಗಿ ಅದೊಂದನ್ನೇ ನಂಬಿ ಕೂರುವಂತಿಲ್ಲ. ವಿಷ ಹೊಡೆದರೆ ಅದಕ್ಕೆ ಸಿಗುವ ಸೊಪ್ಪೂ ಇಲ್ಲ. ಇನ್ನೊಂದು ದಾರಿ ಪೈಪೋಟಿ ಕೊಡುವ ಗಿಡ ಬೆಳೆಸುವುದು. ತಗಚೆ ಮತ್ತು ಚೆಂಡುಹೂವನ್ನು ಇದಕ್ಕೆ ಸೂಚಿಸುತ್ತಾರೆ. ಮಳೆಗಾಲದ ಶುರುವಿನಲ್ಲಿ ತಗಚೆ ಚಿಗುರು ಕಿತ್ತು ಪಲ್ಯ ಮಾಡುವವರಿಗೆ ಆ ಗಿಡದ ಜೋರು ಗೊತ್ತು, ಒಮ್ಮೆ ಆವರಿಸಿದರೆ ಕೆಳಗೆ ಬೇರೇನೂ ಏಳಲು ಬಿಡುವುದಿಲ್ಲ. ಏಪ್ರಿಲ್ ಮೇನಲ್ಲಿ ಅದರ ಬೀಜ ಎರಚಿದರೆ ಖಾಲಿ ಜಾಗ ಅದೇ ನೋಡಿಕೊಳ್ಳುತ್ತದೆ. ರಸ್ತೆ ಬದಿ ಬೆಳೆದದ್ದನ್ನು ಮಾತ್ರ ಅಡುಗೆಗೆ ತರಬೇಡಿ.

ಇಲ್ಲೊಂದು ಮಾತು ಹೇಳಲೇಬೇಕು. ಹಸಿರಾಗಿ ಕಂಡದ್ದೆಲ್ಲ ಕಳೆಯಲ್ಲ. ಗರಿಕೆ, ತುಂಬೆ, ಒಂದೆಲಗ ಇದ್ದ ಜಾಗದಲ್ಲಿ ಮಣ್ಣು ಹಿಡಿದು ನಿಲ್ಲುತ್ತದೆ. ಜೆಸಿಬಿ ತಂದು ಎಲ್ಲ ಕೆರೆದು ಕೆಂಪು ನೆಲ ಮಾಡಿದರೆ ಚೊಕ್ಕ ಕಾಣಬಹುದು, ಆದರೆ ಕೆದಕಿದ ಬರಿ ನೆಲ ಕಂಡರೆ ಪಾರ್ಥೇನಿಯಂಗೆ ಹಬ್ಬ. ಗಮನಿಸಿ ನೋಡಿ, ಪೈಪಿಗೋ ಕೇಬಲ್ಲಿಗೋ ಅಗೆದು ಮಣ್ಣು ಎಳೆದು ಹೋದ ರಸ್ತೆ ಬದಿಯಲ್ಲೇ ಮೊದಲು ಅದು ಏಳುವುದು. ಅಗೆದವರು ಮಣ್ಣು ಸರಿಯಾಗಿ ಮುಚ್ಚಿ, ಗಟ್ಟಿ ಮಾಡಿ, ಮೊದಲಿದ್ದ ಹಾಗೆ ಮಾಡಿಕೊಡಬೇಕು ಅನ್ನುವ ಷರತ್ತನ್ನು ಪಾಲಿಕೆ ಬಿಗಿಯಾಗಿ ಹಿಡಿದರೆ ಕಳೆಯ ಖರ್ಚೂ ಇಳಿಯುತ್ತದೆ.

ಚರಂಡಿಯ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ಹೂಳು ತುಂಬಿದ ಚರಂಡಿಯಲ್ಲಿ ಕಳೆ ಬೇರು ಬಿಡುತ್ತದೆ, ಬೇರು ಇನ್ನಷ್ಟು ಹೂಳು ಹಿಡಿಯುತ್ತದೆ, ನೀರು ರಸ್ತೆ ಮೇಲೆ ಬರುತ್ತದೆ. ಹೂಳೆತ್ತುವ ಕೆಲಸ ಮಳೆಗೆ ಮೊದಲು, ಏಪ್ರಿಲ್ ಮೇನಲ್ಲಿ ಮುಗಿಯಬೇಕು. ಎತ್ತಿದ ಹೂಳನ್ನು ಚರಂಡಿ ಪಕ್ಕದಲ್ಲೇ ಗುಡ್ಡೆ ಹಾಕಿ ಒಣಗಲಿ ಅಂತ ಬಿಟ್ಟು, ಎತ್ತಲು ಯಾರೂ ಬರದೆ, ಮೊದಲ ಜೋರು ಮಳೆಗೆ ಅದು ವಾಪಸ್ ಒಳಗೇ ಹೋಗುವುದನ್ನು ಯಾರು ನೋಡಿಲ್ಲ ಹೇಳಿ. ಹೂಳಿನ ತುಂಬ ಕಳೆ ಬೀಜ ಇರುತ್ತದೆ, ಹಾಗಾಗಿ ಆ ಗುಡ್ಡೆಯ ಮೇಲೂ ಹಸಿರು. ಒಂದೆರಡು ದಿನದಲ್ಲಿ ಅದನ್ನು ಸಾಗಿಸಬೇಕು ಅನ್ನುವುದು ಕೆಲಸದ ಆದೇಶದಲ್ಲೇ ಇರಬೇಕು, ಸಾಗಿಸದಿದ್ದರೆ ಬಿಲ್ ಆಗಬಾರದು. ನಮ್ಮ ಕಡೆಯಿಂದ ಆಗುವ ತೊಂದರೆಯೂ ಇದೆ. ಕಾರು ಹತ್ತಿಸಲು ಅಂತ ಮನೆ ಮುಂದಿನ ಚರಂಡಿಗೆ ಉದ್ದಕ್ಕೂ ಕಾಂಕ್ರೀಟ್ ಹಾಕಿ ಮುಚ್ಚಿದರೆ ಸಲಿಕೆ ಒಳಗೆ ಹೋಗುವುದೇ ಇಲ್ಲ. ಎತ್ತಲು ಬರುವ ಚಪ್ಪಡಿ ಹಾಕಿದರೆ ಇಬ್ಬರಿಗೂ ಅನುಕೂಲ.

ಕಳೆಯಿಂದ ಡೆಂಗಿ ಬರುತ್ತದೆ ಅನ್ನುವ ಮಾತು ಪೂರ್ತಿ ಸರಿಯಲ್ಲ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿ ನೀರಲ್ಲಿ. ಗಿಡದೊಳಗೆ ಎಸೆದ ಪ್ಲಾಸ್ಟಿಕ್ ಲೋಟ, ತೆಂಗಿನ ಚಿಪ್ಪು, ಟೈರಿನಲ್ಲಿ ಮಳೆನೀರು ನಿಲ್ಲುತ್ತದೆ, ಪೊದೆ ಅದನ್ನು ಮರೆಮಾಡುತ್ತದೆ, ಲಾರ್ವಾ ಹುಡುಕಲು ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರ ಕಣ್ಣಿಗೂ ಅದು ಬೀಳುವುದಿಲ್ಲ. ಬೆಳೆದ ಸೊಳ್ಳೆ ಹಗಲಲ್ಲಿ ನೆರಳು ಅಂತ ಅದೇ ಪೊದೆಯಲ್ಲಿ ಕೂರುತ್ತದೆ. ಹಾಗಾಗಿ ಮೇಲಿನ ಕಳೆ ಕತ್ತರಿಸಿ ಒಳಗಿನ ಕಸ ಹಾಗೇ ಬಿಟ್ಟರೆ ಅರ್ಧ ಕೆಲಸ. ಇಲಿ ಸೇರಿಕೊಂಡರೆ ಹಿಂದೆಯೇ ಹಾವು ಬರುತ್ತದೆ, ಅದು ಬೇರೆ ಹೇಳಬೇಕಾಗಿಲ್ಲ. ಮಂಗನ ಕಾಯಿಲೆಯನ್ನೂ ಕೆಲವರು ಇದಕ್ಕೆ ಸೇರಿಸುತ್ತಾರೆ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಆ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಊರಿನ ಸೈಟಿನ ಕಳೆಯಿಂದಲ್ಲ. ಸುಮ್ನೆ ಹೆದರಬೇಡಿ.

ಕಸ ಗುಡಿಸಲು, ಕಳೆ ಕೀಳಲು ಜನ ಎಷ್ಟಿದ್ದಾರೆ ಅನ್ನುವುದನ್ನೂ ನೋಡಬೇಕಲ್ವಾ. ರಾಜ್ಯ ಸರ್ಕಾರದ ಲೆಕ್ಕ 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ. 2011ರ ಜನಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ 3,22,650. ಆ ಲೆಕ್ಕದಲ್ಲೇ 461 ಜನ ಬೇಕು, ಅದಾದ ಮೇಲೆ ಊರು ಸವಳಂಗ ರಸ್ತೆ, ಗಾಡಿಕೊಪ್ಪದ ಕಡೆ ಎಷ್ಟು ಬೆಳೆದಿದೆ ಅಂತ ನಮಗೇ ಗೊತ್ತು. ಗುಡಿಸುವುದು ದಿನದ ಕೆಲಸ, ಕಳೆ ಕೀಳುವುದು ಹಂಗಾಮಿನ ಕೆಲಸ. ಗುಡಿಸುವವರನ್ನೇ ಎಬ್ಬಿಸಿಕೊಂಡು ಹೋಗಿ ಗ್ಯಾಂಗ್ ಮಾಡಿ ಕಳೆಗೆ ಹಾಕಿದರೆ ಆ ವಾರ ಗಾಂಧಿ ಬಜಾರಿನ ಕಸ ಹಾಗೇ ಉಳಿಯುತ್ತದೆ. ಹಂಗಾಮಿಗೆ ಬೇರೆ ತಂಡ, ಅದಕ್ಕೆ ಬಜೆಟ್ಟಿನಲ್ಲಿ ಬೇರೆ ಹಣ ಇರಬೇಕು.

ಮಳೆಗಾಲ ಮುಗಿದರೆ ಕಳೆಯ ಕಾಟ ಇಳಿದು ಎಲೆಯ ಕಾಟ ಶುರು. ಜನವರಿಯಿಂದ ಮಾರ್ಚ್‌ವರೆಗೆ ಮಳೆಮರ, ಹೊಂಗೆ ಮರದ ಎಲೆ ರಸ್ತೆ ತುಂಬ. ಗುಡಿಸಿ ಮೂಲೆಗೆ ಬೆಂಕಿ ಹಚ್ಚುವುದು ಸುಲಭ, ಆದರೆ ಅದು ಕಾನೂನಿಗೆ ವಿರುದ್ಧ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಹೇಳಿತು. ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ಮಲೆನಾಡಿನವರಾದ ನಾವು ಪೇಟೆಗೆ ಬಂದು ಅದೇ ದರಗಿಗೆ ಕಡ್ಡಿ ಗೀರುತ್ತೇವೆ ಅಂದರೆ ನನಗೆ ಬೇಜಾರಾಗುತ್ತದೆ. ಪಾರ್ಕಿನ ಮೂಲೆಯಲ್ಲಿ ನಾಲ್ಕು ಕಡೆ ಜಾಲರಿ ಕಟ್ಟಿ ಎಲೆ ತುಂಬಿ ಆಗಾಗ ನೀರು ಹಾಕಿದರೆ ಮುಂದಿನ ವರ್ಷಕ್ಕೆ ಗೊಬ್ಬರ, ಪಾರ್ಕಿನ ಗಿಡಕ್ಕೇ ಆಗುತ್ತದೆ.

ಹಣ ಇಲ್ಲ ಅಂತ ಪಾಲಿಕೆ ಹೇಳಿದರೆ? ಇದಕ್ಕೆ ಸುಪ್ರೀಂ ಕೋರ್ಟ್ 1980ರಲ್ಲೇ ಉತ್ತರ ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಂ ಎಂಬ ಊರಿನ ಒಂದು ವಾರ್ಡಿನ ಜನ ಚರಂಡಿ, ಹೊಲಸು ತಾಳಲಾರದೆ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ಪುರಸಭೆ ದುಡ್ಡಿಲ್ಲ ಅಂದಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಆ ನೆಪವನ್ನು ಒಪ್ಪಲಿಲ್ಲ, ಕಾನೂನು ಹೇರಿದ ಹೊಣೆಯಿಂದ ಹಣದ ಕೊರತೆ ಹೇಳಿ ಜಾರಿಕೊಳ್ಳುವಂತಿಲ್ಲ ಅಂತ ಸ್ಪಷ್ಟ ಮಾಡಿತು. ಆಗ ಜನ ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್, ಸಾರ್ವಜನಿಕರಿಗೆ ಆಗುವ ತೊಂದರೆ ತೆಗೆಸಿ ಅಂತ ಆದೇಶ ಮಾಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಡುವ ಸೆಕ್ಷನ್ ಅದು. ಈಗ ಅದೇ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್‌ನಲ್ಲಿದೆ.

ಅಲ್ಲಿವರೆಗೆ ಹೋಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮೊದಲು ವಾರ್ಡಿನ ಆರೋಗ್ಯ ನಿರೀಕ್ಷಕರು, ಆಮೇಲೆ ಪರಿಸರ ಇಂಜಿನಿಯರ್, ಆಮೇಲೆ ಆಯುಕ್ತರು. ಫೋನಿನಲ್ಲಿ ಹೇಳಿ ಬಿಟ್ಟರೆ ಅದಕ್ಕೆ ದಾಖಲೆ ಇರುವುದಿಲ್ಲ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಇಲ್ಲವೇ ಸ್ವಚ್ಛತಾ ಆ್ಯಪಿನಲ್ಲಿ ಫೋಟೋ ಹಾಕಿ, ಅಥವಾ ಜನಸ್ಪಂದನದ 1902ಕ್ಕೆ ಕರೆ ಮಾಡಿ ನಂಬರ್ ಪಡೆಯಿರಿ. ದೂರಿನಲ್ಲಿ ರಸ್ತೆಯ ಹೆಸರು, ಯಾವ ಕ್ರಾಸು, ಜಾಗ ಪಾಲಿಕೆಯದ್ದೋ ಖಾಸಗಿಯೋ, ಗಿಡ ಹೂ ಬಿಟ್ಟಿದೆಯೋ ಇಲ್ಲವೋ ಅಂತ ಬರೆಯಿರಿ. ಖಾಸಗಿ ಸೈಟಾದರೆ "ಚೊಕ್ಕ ಮಾಡಿಸಿ" ಅಂತ ಕೇಳಬೇಡಿ, "ಮಾಲೀಕರಿಗೆ ನೋಟಿಸ್ ಕೊಡಿ, ಅದರ ಪ್ರತಿ ನಮಗೆ ಕೊಡಿ" ಅಂತ ಕೇಳಿ.

ಏನೂ ಆಗದಿದ್ದರೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಕಷ್ಟಸುಖ ಬರೆಯುತ್ತಾ ಕೂರಬೇಡಿ. ನಮ್ಮ ವಾರ್ಡಿನಲ್ಲಿ ಕಳೆದ ಮೇ ಒಂದರಿಂದ ಅಕ್ಟೋಬರ್ 31ರವರೆಗೆ ಕಳೆ ತೆಗೆಸಿದ ತಾರೀಖು, ರಸ್ತೆಗಳ ಹೆಸರು, ಕೆಲಸದ ಆದೇಶ ಮತ್ತು ಪಾವತಿಯಾದ ಬಿಲ್ಲಿನ ಪ್ರತಿ, ಇಷ್ಟು ಕೇಳಿ. ತಾರೀಖು ಬಂದ ಮೇಲೆ ಅದನ್ನು ಹೂ ಬಿಡುವ ತಿಂಗಳ ಪಕ್ಕದಲ್ಲಿಟ್ಟು ನೋಡಿ, ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ಜನರ ಸಲಹೆ ಕೇಳುತ್ತಾರಲ್ಲ, ಆಗ ಆ ಕಾಗದ ಹಿಡಿದುಕೊಂಡು ಹೋಗಿ.